ಅತ್ತೆ ಸಾಕ್ಷಿ ನುಡಿಯದ ಒರಾಂಗುಟಾನ್

ನೆಡುಂಬಾಶ್ಶೇರಿ

ಕಾಡುಪ್ರಾಣಿಗಳನ್ನು ನೋಡುವ ಸಲುವಾಗಿ ಮನುಷ್ಯ ಸಮುದ್ರ ದಾಟುವುದು ತಪ್ಪೆಂದು ವಾದಿಸಿ ನಾನು ಕಾಲೇಜಿನಲ್ಲಿ ಒಂದು ಚರ್ಚಾಸ್ಪರ್ಧೆ ಗೆದ್ದಿದ್ದೇನೆ. ಮರುವರ್ಷ ತಪ್ಪಲ್ಲವೆಂದು ವಾದಿಸಿ ಇನ್ನೊಂದನ್ನು ಗೆದ್ದೆ. ಆದ್ದರಿಂದ ವಸಂತಿ ಅತ್ತೆ ತಿರುವನಂತಪುರದಿಂದ ಫೋನು ಮಾಡಿ, ಬೋರ್ನಿಯೊ ದ್ವೀಪದ ಮಳೆಕಾಡಿಗೆ ದೋಣಿಯಲ್ಲಿ ಹೋಗಲಿಕ್ಕುಂಟು, ನೀನು ಜೊತೆಗಿರಬೇಕು ಎಂದಾಗ ನನ್ನ ಬಳಿ ಎರಡೂ ಕಡೆಯ ವಾದಗಳು ಸಿದ್ಧವಾಗಿದ್ದವು. ಅತ್ತೆ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ.

ಅವರು ನನ್ನ ತಂದೆಯ ತಂಗಿ. ಮದುವೆಯಾಗಲಿಲ್ಲ, ಅದಕ್ಕೆ ಸರಿಯಾದ ಅರ್ಜಿ ಬರಲಿಲ್ಲ ಎನ್ನುತ್ತಾರೆ. ಕಾಸರಗೋಡಿನಿಂದ ಹೋಗಿ ತಿರುವನಂತಪುರದ ಸೆಕ್ರೆಟೇರಿಯಟ್ಟಿನಲ್ಲಿ ಮಲಯಾಳದ ಸರಕಾರಿ ಆದೇಶಗಳನ್ನು ನಮ್ಮೂರಿನ ಕನ್ನಡಿಗರಿಗಾಗಿ ಕನ್ನಡಕ್ಕೆ ತರುವುದರಲ್ಲೇ ಸೇವೆಯನ್ನೆಲ್ಲ ಕಳೆದವರು. ಆ ಕನ್ನಡವನ್ನು ಓದಿ ಅರ್ಥವಾಗದವರು ಮಲಯಾಳದ ಮೂಲವನ್ನೇ ಹುಡುಕಿಕೊಂಡು ಓದುತ್ತಿದ್ದರೆಂಬುದು ಬೇರೆ ಮಾತು. ಆದರೆ ಅಸಲು ಪ್ರತಿ ಕಣ್ಣೆದುರು ಇಲ್ಲದೆ ಅತ್ತೆ ಒಂದು ಸಾಲನ್ನೂ ಅನುವಾದಿಸಿದವರಲ್ಲ. ಯಾರೋ ಓದಿ ಹೇಳಿದ್ದನ್ನು ನಂಬಿ ಸಹಿ ಹಾಕಿದವರಲ್ಲ.

ಈಗ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿದೆ. ಇರುವ ದೃಷ್ಟಿಯನ್ನು ಉಳಿಸಿಕೊಳ್ಳಲು ಪ್ರಯತ್ನಿಸಬಹುದು, ಎಷ್ಟು ಕಾಲವೆಂದು ಹೇಳಲಾರೆ ಎಂದು ಡಾಕ್ಟರು ಕೈಚೆಲ್ಲಿದ ದಿನ, ಅತ್ತೆ ಆಸ್ಪತ್ರೆಯ ಮೆಟ್ಟಿಲಿಳಿಯುವಷ್ಟರಲ್ಲಿ ತೀರ್ಮಾನಿಸಿಬಿಟ್ಟರು: ಕಣ್ಣಿರುವಾಗಲೇ ಒಂದು ಒರಾಂಗುಟಾನನ್ನು ಅದರ ಕಾಡಿನಲ್ಲಿ ನೋಡಬೇಕು. ಅದೇ ಯಾಕೆ ಎಂದು ಕೇಳಿದೆ.

"ಆನೆ ದೇವಸ್ಥಾನದಲ್ಲಿ ಉಂಟು, ಸಿಂಹ ಝೂದಲ್ಲಿ ಉಂಟು, ಮಂಗ ನನ್ನ ಟೆರೇಸಿನಲ್ಲೇ ಉಂಟು ಮಾರಾಯಾ. ಇದೊಂದು ಮಾತ್ರ ನನ್ನ ಟೇಬಲ್ಲಿಗೆ ಬಾರದೆ ಬಾಕಿ ಉಳಿದದ್ದು."

ಮೂರನೆಯವನು ಶಾಹಿದ್. ಹುಬ್ಬಳ್ಳಿಯವನು, ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸ. ತಿರುವನಂತಪುರದ ಕನ್ನಡಿಗರ ಸಂಘದಲ್ಲಿ ಅತ್ತೆಗೆ ಪರಿಚಯವಾಗಿ, ಅವರನ್ನು ಕಣ್ಣಿನ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುವ ಕರ್ತವ್ಯವನ್ನು ತಾನಾಗಿ ವಹಿಸಿಕೊಂಡವನು. ಫೋಟೊ ತೆಗೆಯಲು ಬೋರ್ನಿಯೊಕ್ಕೆ ಹೊರಟಿದ್ದವನು ಅವನು. ಕಾರಿನಲ್ಲಿ ಆ ಸುದ್ದಿ ಹೇಳಿದ್ದೇ ತಪ್ಪಾಯಿತು. ಅವನ ಹೆಗಲಲ್ಲಿದ್ದ ಲೆನ್ಸನ್ನು ಕಂಡು ಕೊಚ್ಚಿಯ ನೆಡುಂಬಾಶ್ಶೇರಿ ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿ ಗಂಭೀರರಾದರು. ಆದರೆ ಅವರು ಕೊನೆಗೆ ಹಿಡಿದದ್ದು ಅತ್ತೆಯ ಕೈಚೀಲದಲ್ಲಿದ್ದ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಯನ್ನು. ಮಿಡಿಯು ಘನಪದಾರ್ಥ, ರಸವು ಅದಕ್ಕೆ ಆನುಷಂಗಿಕ ಎಂದು ನಾನು ವಾದಿಸಿದೆ. ಕೊಚ್ಚಿಯ ಹೈಕೋರ್ಟಿನಲ್ಲಿ ನಾನು ಸೋತ ಪ್ರಕರಣಗಳಲ್ಲಿ ಯಾವುದೂ ಅಷ್ಟು ಬೇಗ ಇತ್ಯರ್ಥವಾಗಿಲ್ಲ.

ಸಂಡಕಾನ್ ದಕ್ಕೆ

ಸಂಡಕಾನ್ ಬೋರ್ನಿಯೊದಲ್ಲಿ ಮಲೇಶಿಯಾಕ್ಕೆ ಸೇರಿದ ಒಂದು ಬಂದರು ಪಟ್ಟಣ. ಒಣಮೀನಿನ ವಾಸನೆ, ತೆಂಗು, ಸೆಕೆ, ಅವಸರವಿಲ್ಲದ ಜನ, ಕಾಸರಗೋಡಿನಲ್ಲಿ ಇಳಿದಂತಾಯಿತು. ವ್ಯತ್ಯಾಸವೆಂದರೆ ಇಲ್ಲಿ ದಕ್ಕೆಯಿಂದ ದೋಣಿ ಹೇಳಿದ ಹೊತ್ತಿಗೆ ಹೊರಟಿತು. ಮಾರ್ಗದರ್ಶಿ ರೊಸ್ಲಾನ್ ಅದೇ ನದಿಯ ದಡದ ಹಳ್ಳಿಯವನು, ನಗುಮುಖದವನು. ಲೈಫ್ ಜಾಕೆಟ್ಟುಗಳನ್ನು ನಮಗೆ ತೊಡಿಸಿ, ಮೊಸಳೆಗಳಿವೆ, ಕೈಯನ್ನು ನೀರಿಗೆ ಇಳಿಬಿಡಬೇಡಿ ಎಂದ. ಹಾಗಾದರೆ ಜಾಕೆಟ್ಟು ಯಾಕೆ ಎಂದು ಅತ್ತೆ ವಿಚಾರಿಸಿದರು. ಮೊಸಳೆಗೆ ನಾವು ಸುಲಭವಾಗಿ ಕಾಣಲಿ ಎಂದೇ ಅದಕ್ಕೆ ಕಿತ್ತಳೆ ಬಣ್ಣ ಎಂದು ಅವನು ಉತ್ತರಿಸಿದ ಮೇಲೆ ಇಬ್ಬರಿಗೂ ಸ್ನೇಹವಾಯಿತು.

ಕೊಲ್ಲಿಯನ್ನು ದಾಟಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡುಗಳ ನಡುವಿನಿಂದ ಕಂದು ಬಣ್ಣದ ದೊಡ್ಡ ನದಿಯೊಳಕ್ಕೆ ಪ್ರವೇಶಿಸಿದೆವು. ಎರಡೂ ದಡಗಳಲ್ಲಿ ಕಾಡು. ಆದರೆ ತಿರುವುಗಳಲ್ಲಿ ಮರಗಳ ಸಂದಿಯಿಂದ ಹಿಂದೆ ಏನಿದೆಯೆಂದು ಕಾಣುತ್ತಿತ್ತು: ತಾಳೆ ತೋಟ, ಅದರ ಹಿಂದೆ ಇನ್ನಷ್ಟು ತಾಳೆ ತೋಟ. ಕಾಡು ಸೀರೆಯ ಅಂಚಿನಂತೆ ನದಿಯ ಪಕ್ಕಕ್ಕೆ ಮಾತ್ರ ಉಳಿದಿತ್ತು. ನಾವು ರಬ್ಬರಿಗಾಗಿ ನಮ್ಮ ಗುಡ್ಡಗಳನ್ನು ಬೋಳಿಸಿದ ಕಥೆಯಿಂದ ಆರಂಭಿಸಿ, ಲಾಭಕೋರತನಕ್ಕೆ ಭಾಷೆಯ ಗಡಿಯಿಲ್ಲ ಎಂಬಲ್ಲಿಗೆ ನಾನು ತಲುಪುತ್ತಿದ್ದೆ. ಶಾಹಿದ್ ನನ್ನ ಕೈಯಲ್ಲಿದ್ದ ಪೊಟ್ಟಣದ ಕಡೆ ನೋಡಿದ.

"ವಕೀಲ್ ಸಾಹೇಬ್ರ, ಆ ಬಿಸ್ಕೀಟ್‌ನಾಗ ಯಾವ ಎಣ್ಣಿ ಐತಿ ಓದ್ರಿ ಸ್ವಲ್ಪ."

ಓದಿದೆ. ತಾಳೆ ಎಣ್ಣೆ. ಭಾಷಣವನ್ನು ಅಲ್ಲಿಗೇ ಮುಗಿಸಿದೆ, ಬಿಸ್ಕತ್ತನ್ನೂ.

ಲಾಡ್ಜ್ ಎಂದರೆ ನಮ್ಮ ಕೊಚ್ಚಿಯಲ್ಲಿ ಕಲೂರ್ ಬಸ್ ನಿಲ್ದಾಣದ ಸುತ್ತ ಸಿಗುವಂಥದ್ದು: ಗೋಡೆಯ ಮೇಲೆ ಹಿಂದಿನ ಅತಿಥಿಯ ಎಣ್ಣೆತಲೆಯ ಗುರುತು, ಬಾಗಿಲಿಗೆ ಒಂದು ಕೊಂಡಿ ಕಡಿಮೆ. ಇಲ್ಲಿನದು ಕಂಬಗಳ ಮೇಲೆ ನಿಂತ ಮರದ ಮನೆಗಳ ಸಾಲು. ಮೆಟ್ಟಿಲ ಬುಡದಲ್ಲೇ ಎಲ್ಲರೂ ಪಾದರಕ್ಷೆ ಕಳಚಬೇಕು. ಯುರೋಪಿನಿಂದ ಬಂದ ದಂಪತಿಗಳು ಒಂದು ಕಾಲಿನಲ್ಲಿ ಕುಪ್ಪಳಿಸುತ್ತ ಬೂಟಿನೊಡನೆ ಹೋರಾಡುತ್ತಿದ್ದರೆ, ಅತ್ತೆ ಚಪ್ಪಲಿ ಬಿಟ್ಟು ಸರಾಗವಾಗಿ ಹತ್ತಿಹೋಗಿ, ಇವರಿಗೆ ಸಂಸ್ಕಾರ ಉಂಟು ಎಂದು ಘೋಷಿಸಿದರು.

ಮೊದಲ ಸಂಜೆ

ರೊಸ್ಲಾನನಿಗೆ ಒಂದು ಪದ್ಧತಿಯಿತ್ತು. ಪ್ರಾಣಿಯನ್ನು ತೋರಿಸಿ ದೋಣಿಯಲ್ಲಿದ್ದ ಪ್ರತಿಯೊಬ್ಬರನ್ನೂ ಕಂಡಿತೇ ಎಂದು ಕೇಳುತ್ತಿದ್ದ. ಎಲ್ಲರೂ ಹೌದೆಂದ ಮೇಲೆಯೇ ದೋಣಿ ಮುಂದಕ್ಕೆ. ಪ್ರಜಾಸತ್ತಾತ್ಮಕವಾದ ಈ ವ್ಯವಸ್ಥೆಯನ್ನು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಅಷ್ಟರಲ್ಲಿ ಅವನ ವಾಕಿಟಾಕಿ ಗೊಗ್ಗರು ದನಿಯಲ್ಲಿ ಏನೋ ನುಡಿಯಿತು. ದೋಣಿಯವನು ಇಂಜಿನ್ನಿನ ಕಿವಿ ಹಿಂಡಿದ, ನಾವು ಹಾರಿದೆವು.

ತಲುಪಿದ ಜಾಗದಲ್ಲಿ ಆಗಲೇ ದೋಣಿಗಳ ಸಂತೆ. ಮೂತಿಗೆ ಮೂತಿ ತಾಗಿಸಿಕೊಂಡು, ಆಲುವದಲ್ಲಿ ರೈಲಿಳಿದವರನ್ನು ಮುತ್ತಿಕೊಳ್ಳುವ ಆಟೋಗಳಂತೆ ಎಲ್ಲವೂ ಒಂದೇ ಮರದ ಕಡೆಗೆ ನುಗ್ಗುತ್ತಿದ್ದವು. ಮರದ ತುದಿಯಲ್ಲಿ ಒರಾಂಗುಟಾನ್ ಇತ್ತಂತೆ. ನನಗೆ ಒಂದು ಕೆಂಚು ತೋಳು ಕಂಡಿತು. ಒಣಗಿದ ಎಲೆಯ ಗೊಂಚಲೂ ಇರಬಹುದು. ಸುತ್ತಲಿನವರೆಲ್ಲ ಕಂಡಿತು ಎನ್ನುತ್ತಿದ್ದುದರಿಂದ ನಾನೂ ಕಂಡಿತು ಎಂದೆ. ಶಾಹಿದನ ಕ್ಯಾಮೆರಾ ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತಿತ್ತು.

ಅತ್ತೆಯ ಸರದಿ ಬಂತು. ಅವರು ಕನ್ನಡಕವನ್ನು ಹಣೆಗೇರಿಸಿದರು, ಇಳಿಸಿದರು, ಸೆರಗಿನಿಂದ ಒರೆಸಿದರು.

"ಇಲ್ಲ," ಎಂದರು. "ಮರ ಕಾಣ್ತದೆ. ಮರದಲ್ಲಿ ಕೆಂಪು ಉಂಟು ಅಂತ ನೀವು ಹೇಳ್ತೀರಿ."

ರೊಸ್ಲಾನ್ ದೋಣಿಯನ್ನು ಇನ್ನಷ್ಟು ಹತ್ತಿರ ಮಾಡಿಸಿದ. ಅದನ್ನು ನೋಡಿ ಮಿಕ್ಕ ದೋಣಿಗಳೂ ಹತ್ತಿರವಾದವು. ಶಾಹಿದ್ ತಾನು ತೆಗೆದ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ಅತ್ತೆಯ ಮುಂದೆ ಹಿಡಿದ. ಅವರು ಅದನ್ನು ಕೈಯಿಂದ ಮೃದುವಾಗಿ ಸರಿಸಿದರು.

"ಇದು ನಕಲು ಪ್ರತಿ ಮಗಾ. ಊರಿನಲ್ಲೇ ಸಿಗ್ತಿತ್ತು. ಅಸಲು ನೋಡ್ಲಿಕ್ಕೆ ಅಲ್ವಾ ಬಂದದ್ದು?"

ಆ ಹೊತ್ತಿಗೆ ಅಸಲಿಗೆ ಸಾಕಾಗಿತ್ತು. ಮುತ್ತಿಕ್ಕಿದಂಥ ಒಂದು ಕರ್ಕಶ ಸದ್ದು ಕೇಳಿತು. ಅದು ಕೋಪದ ಸದ್ದೆಂದು ರೊಸ್ಲಾನ್ ತಿಳಿಸಿದ. ಒಂದು ಕೊಂಬೆ ಮುರಿದು ನೀರಿಗೆ ಬಿತ್ತು, ಪ್ರಾಣಿ ಕಾಡಿನೊಳಕ್ಕೆ ಹೋಯಿತು. ದೋಣಿಗಳಿಂದ ಚಪ್ಪಾಳೆ ಕೇಳಿಸಿತು. ಯಾರದೋ ಮನೆಯ ಮುಂದೆ ಗುಂಪುಗೂಡಿ, ಅವರು ಬೈದು ಬಾಗಿಲು ಹಾಕಿಕೊಂಡರೆ ಚಪ್ಪಾಳೆ ತಟ್ಟುವ ಈ ನಾಗರಿಕತೆಯ ಬಗ್ಗೆ ನನಗೆ ನಿಜವಾಗಿ ಸಿಟ್ಟು ಬಂತು. ಅದರಲ್ಲಿ ನನ್ನ ದೋಣಿಯೂ ಇತ್ತು ಎಂಬುದರಿಂದ ಸಿಟ್ಟು ಹೆಚ್ಚಾಯಿತು.

ಊಟದ ಮನೆಯ ಸಭೆ

ಊಟದ ನಂತರ ಆ ಲಾಡ್ಜಿನಲ್ಲಿ ಒಂದು ಆಚರಣೆ. ಮಾರ್ಗದರ್ಶಿಗಳು ಒಂದೊಂದಾಗಿ ಪ್ರಾಣಿಗಳ ಹೆಸರು ಕೂಗುತ್ತಾರೆ, ಕಂಡವರು ಕೈಯೆತ್ತಬೇಕು. ಒರಾಂಗುಟಾನ್ ಎಂದಾಗ ಕೈಗಳ ಕಾಡೇ ಎದ್ದಿತು. ಕೆಳಗಿದ್ದದ್ದು ಅತ್ತೆಯ ಕೈ ಮಾತ್ರ. ಪಕ್ಕದ ಮೇಜಿನ ಬಿಳಿಯ ಮಹಿಳೆ ಅನುಕಂಪದಿಂದ, ನೀವೂ ಅಲ್ಲೇ ಇದ್ದಿರಲ್ಲ, ಕೈಯೆತ್ತಿ ಎಂದರು. ಅತ್ತೆ ತಮ್ಮ ಕಚೇರಿಯ ಇಂಗ್ಲಿಷಿನಲ್ಲಿ ಆಕೆಗೆ ತಿಳಿಹೇಳಿದ್ದರ ಸಾರಾಂಶ ಇಷ್ಟು: ನಮ್ಮ ಸೆಕ್ರೆಟೇರಿಯಟ್ಟಿನಲ್ಲಿ ಕಡತವನ್ನು ಬಿಚ್ಚದೆಯೇ 'ಕಂಡಿದೆ' ಎಂದು ಬರೆದು ಸಹಿ ಹಾಕುವ ಅಧಿಕಾರಿಗಳಿದ್ದರು, ಅಂಥ ಕಡತಗಳು ಒಂದಲ್ಲ ಒಂದು ದಿನ ಹಿಂದಕ್ಕೆ ಬಂದು ಕಚ್ಚುತ್ತವೆ.

ನಾನು ಎದ್ದುನಿಂತೆ. ಎದ್ದುನಿಲ್ಲುವುದು ನನ್ನ ದೌರ್ಬಲ್ಯ. ಕಲೂರಿನ ನಮ್ಮ ಫ್ಲ್ಯಾಟಿನಲ್ಲಿ ಹಸಿಕಸ, ಒಣಕಸಗಳನ್ನು ಬೇರ್ಪಡಿಸಿದ್ದು ನಾನು; ಸಂಘದ ಸನ್ಮಾನಗಳಲ್ಲಿ ಶಾಲಿನ ಬದಲು ಸಸಿ ಕೊಡಿಸಿ, ಸನ್ಮಾನಿತರೆಲ್ಲ ಅವನ್ನು ಬಸ್ಸಿನಲ್ಲಿ ಮರೆತುಹೋಗುವಂತೆ ಮಾಡಿದ್ದೂ ನಾನೇ. ನಮ್ಮ ಮೇಜಿನ ಮೂವರು ಮತ್ತು ರೊಸ್ಲಾನನ ಸಭೆಯ ಮುಂದೆ ಹೀಗೊಂದು ನಿರ್ಣಯ ಮಂಡಿಸಿದೆ: ಬೇರೆ ದೋಣಿಗಳು ಸೇರಿರುವ ಕಡೆಗೆ ನಮ್ಮ ದೋಣಿ ಹೋಗತಕ್ಕದ್ದಲ್ಲ, ಯಾವ ಪ್ರಾಣಿಯಿಂದಲೂ ಅದಕ್ಕೆ ನೆಮ್ಮದಿಯಾಗುವಷ್ಟು ದೂರದಲ್ಲೇ ಇಂಜಿನ್ನು ನಿಲ್ಲಿಸತಕ್ಕದ್ದು. ನೋಡುವವನಿಗೆ ಕಣ್ಣಿದ್ದರೆ ಸಾಲದು, ಮರ್ಯಾದೆಯೂ ಇರಬೇಕು. ಈ ಮಾತನ್ನು ನಾನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ವಿರೋಧಿಸಿದವನು ಶಾಹಿದ್. "ನನಗ ದೂರ ಆದ್ರ ಏನೂ ಆಗೂದಿಲ್ರಿ, ಲೆನ್ಸ್ ಐತಿ. ಅಮ್ಮಾರ ಕಣ್ಣಿಗೆ ದೂರ ಆದ್ರ ಹೆಂಗ? ಅದಕ್ಕ ಅಲ್ರಿ ನಾವ್ ಬಂದಿದ್ದು?"

ಉತ್ತರವಿಲ್ಲದಾಗ ಹೇಳಬೇಕಾದ ಮಾತುಗಳನ್ನು ಚರ್ಚಾಸ್ಪರ್ಧೆಯಲ್ಲಿ ಕಲಿಸಿದ್ದರು, ಅವನ್ನು ಹೇಳತೊಡಗಿದೆ. ಅತ್ತೆ ನಡುವೆಯೇ ಕೈಯೆತ್ತಿ ನಿರ್ಣಯವನ್ನು ಅನುಮೋದಿಸಿದರು. ರೊಸ್ಲಾನ್ ಖುಷಿಯಾದ. ಈ ಓಟದ ಪಂದ್ಯ ತನಗೂ ಬೇಡವಾಗಿದೆ, ಆದರೆ ಪ್ರಾಣಿ ಕಾಣದಿದ್ದರೆ ಅತಿಥಿಗಳು ಊರಿಗೆ ಹೋಗಿ ತನ್ನ ಬಗ್ಗೆ ಕೆಟ್ಟದಾಗಿ ಬರೆಯುತ್ತಾರೆ ಎಂದ. ನಾವು ಕೆಟ್ಟದಾಗಿ ಬರೆಯುವುದಿಲ್ಲವೆಂದು ಅತ್ತೆ ಭರವಸೆ ಕೊಟ್ಟರು.

ಸಭ್ಯ ದೂರದಲ್ಲಿ

ಮುಂದಿನ ದಿನಗಳಲ್ಲಿ ನಾವು ಆ ನದಿಯ ಅತ್ಯಂತ ಸಭ್ಯ ದೋಣಿಯಾಗಿದ್ದೆವು. ಸಭ್ಯ ದೂರದಿಂದ ಆನೆಗಳ ಹಿಂಡನ್ನು ಕಂಡೆವು. ಅತ್ತೆ ದಡ ಕದಲಿದಂತಾಯಿತು ಎಂದರು. ಸಭ್ಯ ದೂರದಿಂದ ಮಂಗಟ್ಟೆ ಹಕ್ಕಿಗಳು ಹಾರಿದವು. ಅತ್ತೆ ಸದ್ದನ್ನು ದಾಖಲಿಸಿಕೊಂಡರು, ಹಕ್ಕಿಯನ್ನು ಅಲ್ಲ. ಮೊಸಳೆಯೊಂದು ಕೆಸರಿನಲ್ಲಿ ಮಲಗಿತ್ತು; ಅದು ಮರದ ದಿಮ್ಮಿ ಅಲ್ಲವೆಂಬುದಕ್ಕೆ ಪುರಾವೆ ಏನೆಂದು ಅತ್ತೆ ಕೇಳಿದರು. ನಾವು ದಿಟ್ಟಿಸಿ ನೋಡಿದಷ್ಟೂ ನಮಗೂ ಪುರಾವೆ ಸಿಗಲಿಲ್ಲ.

ಶಾಹಿದ್ ಅವರ ಕಿವಿಯಲ್ಲಿ, ಈಗ ಕೊಂಬೆಯ ಮೇಲೆ ಕುಂತಿದೆ, ಈಗ ಹಣ್ಣು ತಿನ್ನುತ್ತಿದೆ, ಈಗ ಕೆರೆದುಕೊಳ್ಳುತ್ತಿದೆ ಎಂದು ವರದಿ ಒಪ್ಪಿಸುತ್ತಿದ್ದ. ಒಂದಷ್ಟು ಹೊತ್ತು ಸಹಿಸಿಕೊಂಡ ಅತ್ತೆ, ಕ್ರಿಕೆಟ್ಟಿನ ಕಾಮೆಂಟರಿ ಮನೆಯಲ್ಲಿ ಕೂತೂ ಕೇಳಬಹುದಿತ್ತು ಎಂದರು; ಅವನು ವರದಿ ನಿಲ್ಲಿಸಿದ. ಕಾಡಿನೊಳಗಿನ ನಡಿಗೆಗೆ ಜಿಗಣೆಯಂಥ ಇಂಬಳ ಹತ್ತದಂತೆ ಮೊಣಕಾಲುದ್ದದ ಕಾಲುಚೀಲ ಕೊಟ್ಟಿದ್ದರು. ಅದನ್ನು ತೊಡುವ ಕ್ರಮದ ಬಗ್ಗೆ ನಾನು ಇತರರಿಗೆ ಮಾರ್ಗದರ್ಶನ ಮಾಡುತ್ತಿದ್ದಾಗ ಒಂದು ಇಂಬಳ ನನ್ನ ಕುತ್ತಿಗೆಯನ್ನು ಆರಿಸಿಕೊಂಡಿತು. ತಾನು ಹತ್ತಿರದಿಂದ ನೋಡಿದ ಮೊದಲ ಕಾಡುಪ್ರಾಣಿ ಇದೇ ಎಂದು ಅತ್ತೆ ಅದನ್ನು ಮೂಗಿನ ಬಳಿ ಹಿಡಿದು ಪರೀಕ್ಷಿಸಿದರು. ನಾವೆಲ್ಲ ನಕ್ಕೆವು. ಆದರೆ ಕೋಣೆಗೆ ಮರಳುವಾಗ, ಇದ್ದ ಮೆಟ್ಟಿಲನ್ನು ಇಲ್ಲವೆಂದು ತಿಳಿದು ಅವರು ಎಡವಿದ್ದನ್ನು ಕಂಡೆ. ನಗು ಒಳಗೇ ಹೋಯಿತು. ನನ್ನ ನಿರ್ಣಯ ಸರಿಯಾಗಿತ್ತು. ಅದರ ಬೆಲೆಯನ್ನು ಮಾತ್ರ ನಾನು ತೆರುತ್ತಿರಲಿಲ್ಲ.

ಕೊನೆಯ ಸಂಜೆ

ಮರುದಿನ ಬೆಳಿಗ್ಗೆ ಹಿಂದಿರುಗಬೇಕಿತ್ತು. ದೋಣಿ ಲಾಡ್ಜಿನಿಂದ ಹೊರಟ ಸ್ವಲ್ಪದರಲ್ಲೇ ವಾಕಿಟಾಕಿ ಮಾತಾಡಿತು. ರೊಸ್ಲಾನ್ ಇಂಜಿನ್ನು ನಿಲ್ಲಿಸಲು ಸನ್ನೆ ಮಾಡಿ ನಮ್ಮ ಕಡೆ ತಿರುಗಿದ. ಮೇಲ್ಗಡೆಯ ತಿರುವಿನಲ್ಲಿ ಮರಿ ಹೊತ್ತ ಒಂದು ತಾಯಿ ಒರಾಂಗುಟಾನ್ ಇದೆ. ಮರದ ತುದಿಯಲ್ಲಲ್ಲ, ನೀರಿಗೆ ಬಾಗಿದ ಕೊಂಬೆಯಲ್ಲಿ, ಇಷ್ಟು ಕೆಳಗೆ. ಇಂಥದು ಅಪರೂಪ. ದೋಣಿಗಳೆಲ್ಲ ಅಲ್ಲಿಗೇ ಹೋಗುತ್ತಿವೆ.

ಇಷ್ಟು ಕೆಳಗೆ ಎಂದರೆ ಅತ್ತೆಗೆ ಕಾಣುವಷ್ಟು ಕೆಳಗೆ. ನಾನು ಎದ್ದುನಿಂತೆ. ದೋಣಿ ಓಲಾಡಿದ್ದರಿಂದ ಕುಳಿತುಕೊಂಡು ಮುಂದುವರಿಸಿದೆ. ನಿಯಮದ ಉದ್ದೇಶ ಒಳಿತೇ ಹೊರತು ನಿಯಮಪಾಲನೆಯೇ ಅಲ್ಲ; ಅಶಕ್ತರಿಗೆ ವಿನಾಯಿತಿ ಕೊಡದ ನಿಯಮ ದಬ್ಬಾಳಿಕೆ; ನಾವು ಹೋಗದಿದ್ದರೂ ಆ ತಾಯಿಗೆ ಒಂದೇ ಒಂದು ದೋಣಿ ಕಡಿಮೆಯಾಗುತ್ತದೆ, ಅಷ್ಟೆ. ಹೀಗೆ ನನ್ನ ನಿರ್ಣಯವನ್ನು ನಾನೇ ತುಂಡುತುಂಡು ಮಾಡಿದೆ. ಇಷ್ಟು ಮನಃಪೂರ್ವಕವಾಗಿ ನಾನು ಯಾವ ಕಕ್ಷಿಗಾರನಿಗೂ ವಾದಿಸಿಲ್ಲ. ಶಾಹಿದ್ ನನ್ನ ಪಕ್ಷ ಸೇರಿದ.

ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಮುರಳಿ, ಸರಕಾರದ ಎಷ್ಟೋ ಒಳ್ಳೆ ಆದೇಶಗಳನ್ನು ನಾನು ಕನ್ನಡಕ್ಕೆ ಮಾಡಿದ್ದೇನೆ. ಮತ್ತೆ ಸ್ವಲ್ಪ ದಿನಕ್ಕೆ ಅದಕ್ಕೊಂದು ವಿನಾಯಿತಿ ಆದೇಶ ಬರ್ತದೆ. ಅದನ್ನೂ ನಾನೇ ಮಾಡಿದ್ದೇನೆ. ವಿನಾಯಿತಿ ಯಾವಾಗಲೂ ಯಾರದ್ದಾದರೂ ಅತ್ತೆಗೇ ಇರ್ತದೆ ಮಾರಾಯಾ."

"ಆದ್ರೂ ಬಹುಮತ ನಮ್ದೈತ್ರಿ ಅಮ್ಮಾರ," ಎಂದ ಶಾಹಿದ್. "ಇಬ್ರು ಈ ಕಡಿ, ಒಬ್ರು ಆ ಕಡಿ."

"ಹೌದಲ್ಲ. ಹಾಗಾದ್ರೆ ಹೋಗುವ." ಅತ್ತೆ ಕನ್ನಡಕ ತೆಗೆದು ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ, ಚೀಲದ ಜಿಪ್ಪು ಎಳೆದರು. "ನಾನು ಕಣ್ಣು ಮುಚ್ಚಿಕೊಂಡು ಕೂರ್ತೇನೆ. ನೀವು ನೋಡಿ ಬನ್ನಿ."

ಮುಚ್ಚಿಯೂಬಿಟ್ಟರು. ನೀರಿನ ಮೇಲೆ ದೂರದಿಂದ ಇಂಜಿನ್ನುಗಳ ಸದ್ದು ಬರುತ್ತಿತ್ತು. ರೊಸ್ಲಾನ್ ನನ್ನನ್ನು ನೋಡಿದ, ನಾನು ಶಾಹಿದನನ್ನು, ಶಾಹಿದ್ ತನ್ನ ಲೆನ್ಸನ್ನು. ಕೊನೆಗೆ ನಾನೇ ಬೇಡವೆಂದು ತಲೆಯಾಡಿಸಿದೆ. ದೋಣಿ ಗುಂಪಿಗೆ ಬೆನ್ನು ಹಾಕಿ, ನದಿಗೆ ಬಂದು ಸೇರುವ ಒಂದು ಕಿರಿದಾದ ತೋಡಿಗೆ ಹೊರಳಿತು. ತೋಡಿನ ಬಾಯಲ್ಲಿ ಅತ್ತೆ ಕಣ್ಣು ತೆರೆದು ಕನ್ನಡಕ ಹಾಕಿಕೊಂಡರು.

ಅಲ್ಲಿ ಎರಡೂ ದಡದ ಮರಗಳು ಮೇಲೆ ಹೆಚ್ಚುಕಡಿಮೆ ಕೂಡಿಕೊಂಡಿದ್ದವು. ರೊಸ್ಲಾನ್ ದೋಣಿಯನ್ನು ಒಂದು ಬೇರಿಗೆ ಕಟ್ಟಿಸಿ, ಉದ್ದಮೂಗಿನ ಮಂಗಗಳು ಕತ್ತಲಾಗುವ ಮುಂಚೆ ಒಮ್ಮೊಮ್ಮೆ ಇಲ್ಲಿ ದಾಟುತ್ತವೆ, ಬಂದರೆ ಬಂದಾವು ಎಂದ. ಅತ್ತೆ ದೋಣಿಯ ನಡುವಿನ ಹಲಗೆಯಲ್ಲಿ ತೋಡಿನ ಕಡೆಗೆ ಮುಖ ಮಾಡಿ ಕುಳಿತಿದ್ದರು. ನಾನು ಅವರಿಗೆ ಎದುರಾಗಿ, ತೋಡಿಗೆ ಬೆನ್ನಾಗಿ ಕುಳಿತು, ವಿನಾಯಿತಿಗೂ ಆಷಾಢಭೂತಿತನಕ್ಕೂ ಇರುವ ತಾತ್ವಿಕ ವ್ಯತ್ಯಾಸವನ್ನು ವಿವರಿಸುತ್ತಿದ್ದೆ.

ವ್ಯತ್ಯಾಸದ ಎರಡನೆಯ ಅಂಶದಲ್ಲಿದ್ದಾಗ ನನ್ನ ಹಿಂದೆ ಆಕಾಶದಿಂದ ಭತ್ತದ ಮೂಟೆಯೊಂದು ನೀರಿಗೆ ಬಿದ್ದಂತಾಯಿತು. ಬೆನ್ನು ತೊಯ್ದುಹೋಯಿತು. ದೋಣಿ ಒಂದು ಬದಿಗೆ ವಾಲಿತು. ತಿರುಗಿ ನೋಡಬೇಕೆಂದು ನಾನು ತಿರುಗುವಷ್ಟರಲ್ಲಿ ಆಯತಪ್ಪಿ ಎರಡು ಹಲಗೆಗಳ ನಡುವೆ ಬಿದ್ದೆ. ಬಿದ್ದಲ್ಲಿಂದ ನನಗೆ ಕಂಡದ್ದು ಅತ್ತೆಯ ಮುಖ ಮಾತ್ರ. ಅವರು ದೋಣಿಯ ಅಂಚಿನತ್ತ ಬಾಗಿದ್ದರು. ಕನ್ನಡಕದಿಂದ ನೀರು ಇಳಿಯುತ್ತಿತ್ತು. ಕಚೇರಿಯಲ್ಲಿ ಕಠಿಣವಾದ ಕಡತವೊಂದು ಬಂದಾಗ ಹೇಗೆ ನೋಡುತ್ತಿದ್ದರೋ ಹಾಗೆ, ತುಟಿ ಬಿಗಿದು, ಅವಸರವಿಲ್ಲದೆ ಏನನ್ನೋ ಮೇಲಿಂದ ಕೆಳಗಿನವರೆಗೆ ಓದುತ್ತಿದ್ದರು.

ದೋಣಿ ಮತ್ತೊಮ್ಮೆ ವಾಲಿತು. ದಡದ ಪೊದೆ ಸರಸರ ಅಂದಿತು. ಎಲ್ಲ ಮುಗಿದಿತ್ತು.

ನಡೆದದ್ದನ್ನು ಆಮೇಲೆ ರೊಸ್ಲಾನನಿಂದ ತಿಳಿದೆ. ಉದ್ದಮೂಗಿನ ಮಂಗಗಳ ಹಿಂಡಿನ ಯಜಮಾನ, ದೊಡ್ಡ ಹೊಟ್ಟೆಯ ಗಂಡು, ಎದುರು ದಡದ ಮರದಿಂದ ನೆಗೆದು, ಲೆಕ್ಕ ತಪ್ಪಿ ನೀರಿಗೆ ಬಿದ್ದು, ಮೊಸಳೆಗೆ ಹೆದರಿ ಕೈಗೆ ಸಿಕ್ಕ ದೋಣಿಯ ಅಂಚನ್ನು ಹಿಡಿದು ಮೇಲೇರಿ, ಅಲ್ಲಿದ್ದ ಅತ್ತೆಯನ್ನು ನೋಡಿ ದಂಗಾಗಿ ಒಂದು ಕ್ಷಣ ಹಾಗೇ ಉಳಿದಿತ್ತು. ಇಂಥದನ್ನು ಅವನೂ ಕಂಡಿರಲಿಲ್ಲವಂತೆ; ಈಗಲೂ ಅವನಿಗೆ ಕಂಡದ್ದು ಬೆನ್ನು ಮತ್ತು ಬಾಲ. ಶಾಹಿದನ ಲೆನ್ಸು ಅರ್ಧ ಫರ್ಲಾಂಗು ದೂರದ ಕಣ್ಣೆವೆಯನ್ನು ಎಣಿಸಬಲ್ಲದು, ಮುಂದೆಯೇ ಕುಳಿತದ್ದನ್ನು ಹಿಡಿಯಲಾರದು. ಅವನ ಚಿತ್ರಗಳಲ್ಲಿ ಒಂದು ಕಂದು ಮಂಜು ಮಾತ್ರ ಇತ್ತು.

ರೊಸ್ಲಾನ್ ತನ್ನ ಪದ್ಧತಿಯಂತೆ ಒಬ್ಬೊಬ್ಬರನ್ನೇ ಕೇಳಿದ. ನಾನು ಇಲ್ಲ ಎಂದೆ. ಶಾಹಿದ್ ಇಲ್ಲ ಎಂದ.

"ಕಂಡೆ," ಎಂದರು ಅತ್ತೆ. ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು. "ದೂರದ ನಿಯಮ ಮುರಿದದ್ದು ಅದು, ನಾವಲ್ಲ. ಅದನ್ನು ನಿನ್ನ ನಿರ್ಣಯದಲ್ಲಿ ಸೇರಿಸು."

ಆ ರಾತ್ರಿ ಊಟದ ಮನೆಯಲ್ಲಿ ಒರಾಂಗುಟಾನ್ ಎಂದು ಕೂಗಿದಾಗ ಮತ್ತೆ ಕೈಗಳ ಕಾಡು ಎದ್ದಿತು. ತಾಯಿಯೂ ಮರಿಯೂ ತುಂಬಾ ಹೊತ್ತು ಅಲ್ಲಿಯೇ ಇದ್ದವಂತೆ. ಪಕ್ಕದ ಮೇಜಿನ ಮಹಿಳೆಯ ಕಣ್ಣು ಇನ್ನೂ ಹೊಳೆಯುತ್ತಿತ್ತು. ಅತ್ತೆಯ ಕೈ ಮೇಜಿನ ಮೇಲೆಯೇ ಇತ್ತು. ನನ್ನದನ್ನೂ ಈ ಸಲ ಅದರ ಪಕ್ಕದಲ್ಲಿಟ್ಟೆ. ಉದ್ದಮೂಗಿನ ಮಂಗ ಎಂದಾಗ ಅವರು ಕೈಯೆತ್ತಿದರು. ಎಷ್ಟು ದೂರದಿಂದ ಎಂದು ಯಾರೋ ಕೇಳಿದರು. ಅತ್ತೆ ಅಂಗೈಯನ್ನು ತಮ್ಮ ಮೂಗಿನ ಮುಂದೆ ಹಿಡಿದು ತೋರಿಸಿದರು. ಯಾರೂ ನಂಬಲಿಲ್ಲ.

ತಿರುವನಂತಪುರ

ಊರಿಗೆ ಮರಳಿದ ಮೇಲೆ ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವ ಸರದಿ ನನ್ನದಾಯಿತು. ಅಕ್ಷರಗಳ ಹಲಗೆಯನ್ನು ಬೆಳಗಿಸಿ ನರ್ಸ್ ಓದಿಸಿದಳು. ಹೋಗುವ ಮುಂಚೆ ಓದಿದ್ದ ಒಂದು ಸಾಲಿನ ಬಳಿ ಅತ್ತೆ ಈ ಸಲ ನಿಂತುಬಿಟ್ಟರು. ಅಂದಾಜಿನಲ್ಲಿ ಹೇಳಿ ಅಮ್ಮಚ್ಚಿ, ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಅವಳು ಒತ್ತಾಯಿಸಿದಳು. ಅಲ್ಲಿ ಏನೋ ಇದೆ, ಏನೆಂದು ತಾನು ಸಾಕ್ಷಿ ಹೇಳಲಾರೆ ಎಂದು ಅತ್ತೆ ಮಲಯಾಳದಲ್ಲಿ ಉತ್ತರಿಸಿದರು. ಮುಂದಿನ ಸಾಲಿಗೆ ಹೋಗಲಿಲ್ಲ.

ಒಳಗೆ ಡಾಕ್ಟರು ಅತ್ತೆಯ ಗಲ್ಲವನ್ನು ಯಂತ್ರದ ಮೇಲಿಡಿಸಿ ಪರೀಕ್ಷಿಸಿದರು. ಎಡಗಣ್ಣು ಸ್ವಲ್ಪ ಇಳಿದಿದೆ, ಬಲಗಣ್ಣನ್ನು ನೋಡಿಕೊಳ್ಳೋಣ ಎಂದರು. ಆ ಮಾತನ್ನು ಹಗುರಮಾಡಲೆಂದೋ ಏನೋ, ಪ್ರವಾಸದ ವಿಷಯ ಎತ್ತಿದರು: ನೋಡಬೇಕೆಂದಿದ್ದ ಆ ಪ್ರಾಣಿ ಸಿಕ್ಕಿತೇ? ಅದು ಸಿಗಲಿಲ್ಲ, ಬೇರೊಬ್ಬರು ಬಂದು ಭೇಟಿಯಾದರು ಎಂದರು ಅತ್ತೆ. ಡಾಕ್ಟರು ನಕ್ಕು, ಯಂತ್ರವನ್ನು ಬದಿಗೆ ಸರಿಸಿ, ಕೈಯಲ್ಲೊಂದು ಪುಟ್ಟ ದೀಪ ಹಿಡಿದು, ಬಲಗಣ್ಣನ್ನು ನೋಡಲು ಅವರ ಮುಖಕ್ಕೆ ಮುಖ ತಾಗುವಷ್ಟು ಬಾಗಿದರು.

"ಡಾಕ್ಟ್ರೇ, ಹಾಗೇ ಇರಿ, ಅಲುಗಾಡಬೇಡಿ," ಎಂದರು ಅತ್ತೆ. ಆಮೇಲೆ ನನ್ನ ಕಡೆಗೆ ಕೈ ಚಾಚಿ ಕನ್ನಡದಲ್ಲಿ ಹೇಳಿದರು: "ಮುರಳಿ, ನೋಡಿಕೋ. ಸರಿಯಾಗಿ ಇಷ್ಟೇ ಹತ್ತಿರ ಇತ್ತು. ಮೂಗು ಮಾತ್ರ ಇದಕ್ಕಿಂತ ದೊಡ್ಡದು."